ಕಿಟಕಿ ಚಿಕ್ಕದು ಮಾಡು

ಒಂದಾನೊಂದು ಕಾಲದಲ್ಲಿ ನೆಲದಾಳದಲ್ಲಿ ಒಂದು ಭೂತ ಮಲಗಿತ್ತಂತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹಿಡಿದರೆ ಕೈಗೆ ಸಿಗುವುದೂ ಇಲ್ಲ. ಒಬ್ಬ ಅರಸ ಹೇಗೋ ಅದನ್ನು ಹಿಡಿದು ತಂದು, ಆರು ಕಬ್ಬಿಣದ ಕೊಡಗಳಲ್ಲಿ ಕೂಡಿಹಾಕಿ, ಬೆಟ್ಟದಂಥ ಬಂಡಿಗಳನ್ನು ಎಳೆ ಎಂದ. ಭೂತ ಒಪ್ಪಿತು. ಷರತ್ತು ಒಂದೇ. “ಅವಸರಪಟ್ಟರೆ, ಅತಿಯಾಗಿ ಅದುಮಿದರೆ, ಒಳಗಿನಿಂದ ಬಡಿಯುತ್ತೇನೆ. ಬಡಿದಾಗ ಕೈ ಸಡಿಲ ಮಾಡು. ಇಲ್ಲದಿದ್ದರೆ ಕೊಡ ಒಡೆದುಕೊಂಡು ಹೋಗುತ್ತೇನೆ.”

ಅರಸ ಬಾಗಿಲಾಚೆ ಒಬ್ಬ ಕಾವಲುಗಾರನನ್ನು ಕೂರಿಸಿದ. ಬಡಿತ ಕೇಳಿದರೆ ಕೈ ಸಡಿಲಿಸುವುದು, ಅಷ್ಟೇ ಅವನ ಕೆಲಸ. ಕೇಳಿ ಕೇಳಿ ಅವನಿಗೆ ಅದೆಷ್ಟು ರೂಢಿಯಾಯಿತೆಂದರೆ, ಒಳಗಿನಿಂದ ಏನು ಬಡಿದರೂ ಅದು ಭೂತವೇ.

ಒಳಗೆ ಮನುಷ್ಯನೂ ಇರಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅಂಥದೇ ಒಂದು ಕಬ್ಬಿಣದ ಬಾಗಿಲು ತನಿಖೆ ಮೇಡಂ ಬೆನ್ನ ಹಿಂದೆ ಕಟಕ್ಕೆಂದು ಮುಚ್ಚಿಕೊಂಡಿತು.

ಹೋದ ತಿಂಗಳು ಕಾರ್ಖಾನೆಯ ಇದೇ ಇಂಜಿನ್ ಪರೀಕ್ಷೆಯ ಕೋಣೆಯ ನೆಲದ ಮೇಲೆ ಕಿವಿಯಣ್ಣ ಸತ್ತು ಬಿದ್ದಿದ್ದ. ಇಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದ ಇಂಜಿನಿಯರ್ ಅವನು. ಅದಕ್ಕೇ ಆ ಹೆಸರು. ತಾನಾಗಿ ಒಳಗೆ ಹೋದ, ತಾನಾಗಿ ಕೂತ, ಹೊಗೆ ಕುಡಿದು ಹೋದ ಎಂದು ಕಾರ್ಖಾನೆಯ ವರದಿ. ‘ತಾನಾಗಿ’ ಎಂಬ ಮಾತನ್ನು ಜನ ಎಳೆದೆಳೆದು ಆಡುತ್ತಿದ್ದರು. ಇಂಜಿನ್ನು ಕೈಕೊಟ್ಟಿತ್ತಂತೆ, ಮನಸ್ಸು ಕೆಟ್ಟಿತ್ತಂತೆ. ಅವನ ಹೆಂಡತಿ ತನಿಖೆ ಮೇಡಂಳ ಕೈ ಹಿಡಿದು ಒಂದನ್ನೇ ಕೇಳಿದ್ದಳು. ಸಾಯುವ ಮುಂಚೆ ಅವರು ಬಡಿದರೋ ಇಲ್ಲವೋ? ಬದುಕಬೇಕು ಅಂದವನು ಬಡೀತಾನೆ. ಅದೊಂದು ತಿಳ್ಕೊಂಡು ಬಂದು ಹೇಳು.

ಹೇಳ್ತೀನಿ ಅಕ್ಕ ಎಂದು ಇವಳು ಮಾತು ಕೊಟ್ಟಿದ್ದಳು. ಆ ಮಾತು ಇವಳನ್ನು ಈ ಕೋಣೆಯೊಳಗೆ ತಂದು ನಿಲ್ಲಿಸಿತ್ತು.

ನಾಲ್ಕೂ ಗೋಡೆಗೆ ದಪ್ಪನೆಯ ಕಪ್ಪು ಸ್ಪಂಜು. ನಡುವೆ ಉಕ್ಕಿನ ಹಾಸಿಗೆಗೆ ಬೋಲ್ಟು ಬಿಗಿದು ನಿಲ್ಲಿಸಿದ ಇಂಜಿನ್ನು, ಆಳೆತ್ತರ. ಒಂದು ಗೋಡೆಯಲ್ಲಿ ಗಾಜಿನ ಕಿಟಕಿ, ಆದರೆ ಅದರ ಮೇಲೆ ಉಕ್ಕಿನ ಪರದೆ ಇಳಿದಿತ್ತು. ಇಂಜಿನ್ ಸಿಡಿದರೆ ಆಚೆ ಕೂತವರಿಗೆ ಏನೂ ಆಗಬಾರದೆಂದು, ಇಂಜಿನ್ನಿಗೆ ಪೂರ್ತಿ ಲೋಡಿನ ಭಾರ ಹಾಕುವ ಮೊದಲು ಅದನ್ನು ಇಳಿಸುವುದು ಇಲ್ಲಿಯ ಪದ್ಧತಿ. ಭಾರ ಏರಿತೆಂದರೆ ಬಾಗಿಲೂ ತಾನೇ ಬೀಗ ಹಾಕಿಕೊಳ್ಳುತ್ತದೆ. ಕಿವಿಯಣ್ಣ ಒಳಗಿದ್ದಾಗಲೇ ಬೀಗ ಬಿದ್ದಿತ್ತು.

ಅವತ್ತು ಹೇಗಿತ್ತೋ ಹಾಗೇ ಇರಲಿ ಎಂದು ಅವಳೇ ಹೇಳಿದ್ದಳು. ಒಳಗಿನ ಕೆಂಪು ಗುಂಡಿಯ ತಂತಿ ಅವತ್ತಿನ ಹಾಗೇ ಕಳಚಿತ್ತು. ಮೂರು ಮಾತ್ರ ಬೇರೆ. ಸಡಿಲಾಗಿದ್ದ ಹೊಗೆಯ ಕೊಳವೆಯನ್ನು ಬಿಗಿದಿದ್ದರು, ಗಾಳಿಯ ಫ್ಯಾನು ತಿರುಗುತ್ತಿತ್ತು, ಅವತ್ತು ಸತ್ತಿದ್ದ ಗೋಡೆಯ ಫೋನಿಗೆ ಜೀವ ಬಂದಿತ್ತು. ಸೊಂಟಕ್ಕೆ ವಿಷಗಾಳಿ ಅಳೆಯುವ ಪುಟ್ಟ ಮೀಟರು ಸಿಕ್ಕಿಸಿಕೊಂಡಿದ್ದಳು. ಅವಳು ಬಡಿಯಬೇಕು, ಕೇಳಿಸಿದರೆ ಅವರು ಬಾಗಿಲು ತೆಗೆಯಬೇಕು. ಇದು ಒಪ್ಪಂದ.

ಚೀಫ್ ಇಂಜಿನಿಯರ್ ಮೊದಲು ಇದೆಲ್ಲ ಆಟವಲ್ಲ ಅಂದಿದ್ದ. ಆಮೇಲೆ ಇದ್ದಕ್ಕಿದ್ದಂತೆ ಒಪ್ಪಿಬಿಟ್ಟ. ಬಡಿದರೆ ಕೇಳಿಸಲ್ಲ ಅನ್ನೋದನ್ನ ನಿಮ್ಮ ಕೈಯಿಂದಲೇ ತೋರಿಸ್ತೀನಿ ಬನ್ನಿ ಎಂದು ತಾನೇ ಬಾಗಿಲು ಹಿಡಿದು ನಿಂತಿದ್ದ, ಬೀಗರನ್ನು ಒಳಗೆ ಕರೆಯುವವನ ಹಾಗೆ.

ಆಚೆ ಕಂಟ್ರೋಲ್ ರೂಮಿನಲ್ಲಿ ಅವನ ಪಕ್ಕ ಕೂತಿದ್ದವನು ಆಪರೇಟರ್. ಕಿವಿಯಣ್ಣನ ಹೆಂಡತಿಯ ತಮ್ಮ. ಭಾವನೇ ಕೆಲಸ ಕೊಡಿಸಿದ್ದರಿಂದ ಕಾರ್ಖಾನೆಗೆಲ್ಲ ಅವನು ‘ಮೈದುನ’. ಗೇಟಿನ ಕಾವಲಿನವನೂ ‘ಬಾರಪ್ಪ ಮೈದುನ’ ಎಂದೇ ಒಳಗೆ ಬಿಡುತ್ತಿದ್ದ. ಅಕ್ಕನ ಮನೆಯಲ್ಲೇ ಊಟ, ಅಕ್ಕನ ಮನೆಯಲ್ಲೇ ನಿದ್ದೆ. ಅವತ್ತು ಇಂಜಿನ್ ನಡೆಸುತ್ತಿದ್ದವನು ಅವನೇ. ಯಾರಾದರೂ ಜೈಲಿಗೆ ಹೋಗುವುದಿದ್ದರೆ ಮೊದಲ ಹೆಸರು ಅವನದೇ ಎಂದು ಎಲ್ಲರಿಗೂ ಗೊತ್ತಿತ್ತು. ಈಗ ಕಿವಿಯಣ್ಣನ ಕುರ್ಚಿಯಲ್ಲಿ, ಇನ್ನೂ ಎತ್ತರ ಸರಿಮಾಡಿಕೊಳ್ಳದೆ, ಮಂಡಿ ಮಡಚಿ ಕೂತಿದ್ದ.

ಇಂಜಿನ್ ಗುಡುಗಿತು.

ನೆಲದ ನಡುಕ ಅವಳ ಹಲ್ಲಿನವರೆಗೆ ಬಂತು. ಕಿವಿಗೆ ಮುಚ್ಚಳ ಹಾಕಿಕೊಂಡಿದ್ದರೂ ಎದೆಗೆ ಮುಚ್ಚಳ ಹಾಕುವುದು ಹೇಗೆ? ಅವಳು ಕೂಗಿದಳು. ತನ್ನ ದನಿ ತನಗೇ ಕೇಳಲಿಲ್ಲ. ಬಾಗಿಲ ಹತ್ತಿರ ಹೋಗಿ ಮುಷ್ಟಿಯಿಂದ ಗುದ್ದಿದಳು. ಸ್ಪಂಜು ಒಳಗೆ ಹೋಯಿತು, ಹೊರಗೆ ಬಂತು. ದಿಂಬಿಗೆ ಗುದ್ದಿದಂತೆ. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ಈ ಗೋಡೆಗಳ ಕಿವಿಗೆ ಮಾತ್ರ ಹುಡುಕಿ ಹುಡುಕಿ ಹತ್ತಿ ತುರುಕಿದ್ದರು.

ಕಿವಿಯಣ್ಣನೂ ಮೊದಲು ಇಲ್ಲೇ ಗುದ್ದಿರಬೇಕು. ಎಷ್ಟು ಬೇಗ ಬಿಟ್ಟಿರಬಹುದು? ಈ ಸ್ಪಂಜು ಹಾಕಿಸುವಾಗ ಅವನೇ ಮುಂದೆ ನಿಂತಿದ್ದವನಂತೆ.

ಅವಳು ತಿರುಗಿ ಇಂಜಿನ್ನನ್ನು ನೋಡಿದಳು.

ಲಾರಿ, ಟ್ರೇಲರುಗಳಲ್ಲಿ ಡೀಸೆಲ್ ಇಂಜಿನ್ನಿನ ಜಾಗಕ್ಕೆ ಗ್ಯಾಸ್ ಇಂಜಿನ್ ತರಬೇಕೆಂಬುದು ಈ ಕಾರ್ಖಾನೆಯ ಹಟ. ಹೊಗೆ ಕಡಿಮೆ, ಮಸಿ ಇಲ್ಲ. ಆದರೆ ತುಂಬಿದ ಲಾರಿ ಏರು ಹತ್ತುವಾಗ ಡೀಸೆಲಿನಷ್ಟೇ ಎಳೆಯಬೇಕಲ್ಲ. ಎಳೆಯಬೇಕೆಂದರೆ ಸಿಲಿಂಡರಿನಲ್ಲಿ ಗ್ಯಾಸನ್ನು ಇನ್ನಷ್ಟು ಅದುಮಬೇಕು. ಅತಿಯಾಗಿ ಅದುಮಿದರೆ, ಕಿಡಿ ಹಚ್ಚಿದ ಬೆಂಕಿ ತಲುಪುವ ಮುಂಚೆಯೇ ಮೂಲೆಯ ಗ್ಯಾಸು ತಾನಾಗಿ ಸಿಡಿದು ಟಕಟಕ ಬಡಿಯುತ್ತದೆ. ಹೀಗೇ ಬಿಟ್ಟರೆ ಪಿಸ್ಟನ್ನೇ ತೂತು. ಬಡಿತ ಬಂದರೆ ಕಿಡಿಯನ್ನು ಒಂದು ಚೂರು ತಡವಾಗಿ ಹಚ್ಚಬೇಕು; ತಡ ಮಾಡಿದರೆ ಎಳೆತ ಕಡಿಮೆ. ಅದಕ್ಕೇ ಹೊಗೆಯನ್ನೇ ತಣ್ಣಗೆ ಮಾಡಿ ಮತ್ತೆ ಒಳಗೆ ಕಳಿಸಿ, ಆ ಬೆಂಕಿಯ ಅವಸರ ತಗ್ಗಿಸುವ ಹೊಸ ಕೊಳವೆ ಹಾಕಿದ್ದರು. ಕಿವಿಯಣ್ಣನನ್ನು ಕೊಂದದ್ದು ಆ ಕೊಳವೆಯಿಂದ ಸೋರಿದ ಹೊಗೆ.

ಇಂಜಿನ್ನಿನ ಪಕ್ಕೆಯಲ್ಲಿ ನಾಣ್ಯದಷ್ಟು ಅಗಲದ ಒಂದು ಸೆನ್ಸರು ಕೂತಿತ್ತು. ಬಡಿತ ಕೇಳುವ ಕಿವಿ ಅದೇ. ಅದು ಕೇಳಿದ್ದೆಲ್ಲ ಆಚೆ ಕಂಪ್ಯೂಟರ್ ಪರದೆಯ ಮೇಲೆ ಮುಳ್ಳುಗಳಾಗಿ ಏಳುತ್ತದೆ, ಸ್ಪೀಕರಿನಲ್ಲಿ ಟಕ್ ಎನ್ನುತ್ತದೆ.

ಅವಳು ಬಗ್ಗಿದಳು. ಇಂಜಿನ್ನಿಗೆಲ್ಲ ನೀಟಾಗಿ ಬಳಿದ ಬೂದು ಬಣ್ಣ. ಆ ಸೆನ್ಸರಿನ ಸುತ್ತ ಮಾತ್ರ ಬಣ್ಣ ಹಕ್ಕಳೆಯೆದ್ದಿತ್ತು. ಒಳಗಿನ ಕಬ್ಬಿಣ ಹೊಳೆಯುತ್ತಿತ್ತು, ಸಣ್ಣ ಸಣ್ಣ ಕುಳಿಗಳು, ಒಂದರ ಮೇಲೊಂದು, ಕೋಳಿ ಕುಕ್ಕಿದ ಹಾಗೆ.

ಹೆಣದ ಪಕ್ಕ ಸಿಕ್ಕ ಸ್ಪ್ಯಾನರು ನೆನಪಾಯಿತು. ಕೊಳವೆ ಬಿಗಿಯಲು ಒಯ್ದದ್ದು ಅಂದಿದ್ದರು. ಬಲಗೈ ಹೆಬ್ಬೆರಳ ಬುಡದಲ್ಲಿ ಕಿತ್ತುಹೋಗಿದ್ದ ಚರ್ಮಕ್ಕೆ ಇಂಜಿನ್ನಿನ ಕಾವು ಅಂದಿದ್ದರು.

ಬಾಗಿಲಿಗೆ ಕಿವಿಯಿಲ್ಲ. ಇಂಜಿನ್ನಿಗಿದೆ. ಅವನಿಗೆ ಅದು ಗೊತ್ತಿತ್ತು.

ಮೂಲೆಯ ಉಪಕರಣಗಳ ಗೂಡಿನಿಂದ ಒಂದು ಸ್ಪ್ಯಾನರ್ ತೆಗೆದು ಅದೇ ಕುಳಿಗಳ ಮೇಲೆ ಹೊಡೆದಳು. ಬಿಡದೆ ಹೊಡೆದಳು.

ಇಂಜಿನ್ನಿನ ದನಿ ಇಳಿಯಿತು.

ತುಂಬ ಅಲ್ಲ. ಹಾಡುತ್ತಿದ್ದವನ ಗಂಟಲು ಕಟ್ಟಿದಷ್ಟು. ಅವಳು ನಿಲ್ಲಿಸಿದಳು, ಸ್ವಲ್ಪ ಹೊತ್ತಿಗೆ ದನಿ ಮತ್ತೆ ಏರಿತು. ಮತ್ತೆ ಹೊಡೆದಳು. ಮತ್ತೆ ಇಳಿಯಿತು. ಆಚೆ ಮೈದುನನ ಕೈ ರೂಢಿಯ ಪ್ರಕಾರ ಕಿಡಿಯ ಗುಂಡಿಗೆ ಹೋಗುತ್ತಿತ್ತು. ಬಡಿತ ಬಂತು, ಕಿಡಿ ತಡಮಾಡು. ಹೋಯಿತು, ಸರಿಮಾಡು.

ಅವಳು ಸ್ಪ್ಯಾನರ್ ಕೆಳಗಿಳಿಸಿದಳು.

ಕಿವಿಯಣ್ಣನಿಗೂ ಇದು ಕೇಳಿಸಿತ್ತು. ಪ್ರತಿ ಸಲ ಹೊಡೆದಾಗಲೂ ಇಂಜಿನ್ ದನಿ ಬದಲಿಸಿ ಉತ್ತರ ಕೊಟ್ಟಿತ್ತು. ಆಚೆಯವರಿಗೆ ತಾನು ಕೇಳಿಸುತ್ತಿದ್ದೇನೆ ಎಂದು ಅವನಿಗೆ ಖಾತ್ರಿಯಿತ್ತು. ಕೇಳಿಸಿಕೊಂಡು ಅವರು ಮಾಡುತ್ತಿರುವುದು ಏನೆಂದೂ, ಆ ಕೆಲಸವನ್ನು ಅವರಿಗೆ ಕಲಿಸಿದ್ದ ಅವನಿಗೆ, ಚೆನ್ನಾಗಿ ಗೊತ್ತಿತ್ತು.

ಒಪ್ಪಂದದ ಪ್ರಕಾರ ಈಗ ಬಾಗಿಲು ತೆರೆಯಬೇಕಿತ್ತು. ತೆರೆಯಲಿಲ್ಲ.

ಕಿವಿಯ ಮುಚ್ಚಳದೊಳಗಿನ ಪುಟ್ಟ ಸ್ಪೀಕರು ಗರಗರ ಎಂದಿತು. ಏನೂ ಕೇಳಿಸ್ತಾ ಇಲ್ಲ ಮೇಡಂ, ನಾನು ಹೇಳಿರಲಿಲ್ವಾ, ಇನ್ನೊಂದು ಸಲ ಬೇಕಾದ್ರೆ ಬಡೀರಿ ಎಂದು ಚೀಫ್ ಹೇಳಿದ. ಮಾತು ಮುಗಿಸಿದ, ಆದರೆ ಮೈಕಿನ ಗುಂಡಿ ಬಿಡುವುದನ್ನು ಮರೆತ. ಅವನು ಪಕ್ಕಕ್ಕೆ ತಿರುಗಿ ಆಡಿದ್ದೂ ಸ್ಪೀಕರಿನಲ್ಲಿ ಇಳಿದು ಬಂತು.

“ಬರೀ ಗದ್ದಲ ಕಣೋ ಇದು. ಕಿಟಕಿ ಚಿಕ್ಕದು ಮಾಡು.”

ಅವಳು ಉಕ್ಕಿನ ಪರದೆ ನೋಡಿದಳು. ಅದು ಇಳಿದೇ ಇತ್ತು. ಇನ್ನು ಚಿಕ್ಕದು ಮಾಡಲು ಅಲ್ಲಿ ಕಿಟಕಿಯೇ ಇರಲಿಲ್ಲ.

ಇದೇ ಮಾತನ್ನು ಅವತ್ತು ಕ್ಯಾಂಟೀನಿನ ಹೆಂಗಸು ಕೇಳಿಸಿಕೊಂಡಿದ್ದಳು. ಇಂಜಿನ್ ನೋಡಲು ಬಂದಿದ್ದ ಲಾರಿ ಮಾಲೀಕರಿಗೆ ಕಾಫಿ ಒಯ್ದಾಗ, ‘ದೊಡ್ಡವರು ಕಿಟಕಿ ಚಿಕ್ಕದು ಮಾಡು ಅಂದ್ರು’ ಎಂದು ಹೇಳಿಕೆ ಕೊಟ್ಟಿದ್ದಳು. ಪೊಲೀಸರು ಬಂದು ಗಾಜು ಅಳೆದರು, ಪರದೆ ಅಳೆದರು, ಪರದೆ ಮೊದಲೇ ಇಳಿದಿತ್ತೆಂದು ಎಲ್ಲರೂ ಸಾಕ್ಷಿ ಹೇಳಿದರು. ಪಾಪ, ಆ ಹೆಂಗಸಿಗೆ ‘ಕಿಟಕಿಯಮ್ಮ’ ಎಂದು ಹೆಸರು ಬಿತ್ತು, ಅಷ್ಟೇ ಆದದ್ದು.

ತನಿಖೆ ಮೇಡಂ ಮತ್ತೆ ಹೊಡೆದಳು. ತೋಳು ಜುಮುಗುಟ್ಟುವವರೆಗೆ ಹೊಡೆದಳು.

ಇಂಜಿನ್ ದನಿ ಬದಲಿಸಲಿಲ್ಲ. ಉತ್ತರ ಕೊಡುತ್ತಿದ್ದದ್ದು ಕಿವುಡಾಗಿತ್ತು.

ಬೆಳಿಗ್ಗೆ ಮೈದುನ ಅವಳಿಗೆ ಸೆನ್ಸರಿನ ಬಗ್ಗೆ ಹೇಳಿದ್ದ. ಆ ಕಿವಿ ಸದಾ ತೆರೆದಿರುವುದಿಲ್ಲವಂತೆ. ವಾಲ್ವುಗಳ ಸದ್ದು, ಬೋಲ್ಟುಗಳ ಸದ್ದು ಎಲ್ಲ ಕೇಳಿಸಿಕೊಂಡರೆ ತಲೆ ಕೆಡುತ್ತದೆಂದು, ಪ್ರತಿ ಕಿಡಿಯ ಬೆನ್ನಿಗೆ ಚೂರು ಹೊತ್ತು ತೆರೆದು ಮುಚ್ಚಿಕೊಳ್ಳುತ್ತದೆ. ಆ ಹೊತ್ತಿನ ಆಚೆ ಏನಾದರೂ ಪರದೆಗೂ ಬರದು, ಸ್ಪೀಕರಿಗೂ ಬರದು. ಆ ತೆರೆಯುವ ಹೊತ್ತಿಗೆ ಇಲ್ಲಿಯವರು ಏನನ್ನುತ್ತಾರೆಂದು ಅವನು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಗೋಡೆಯ ಫೋನು ಎತ್ತಿ, ಭಾರ ಇಳಿಸಿ, ಮಾತಾಡಬೇಕು ಎಂದಳು. ಗುಡುಗು ಗೊಣಗಾಗಿ ಇಳಿಯಿತು. ಬಾಗಿಲ ಬೀಗ ಮಾತ್ರ ಬಿಡಲಿಲ್ಲ.

“ಚೀಫ್, ಕಿಟಕಿ ಅಂದ್ರೆ ಗಾಜಲ್ಲ ಅಲ್ವಾ?”

ಯಾವ ಕಿಟಕಿ ಮೇಡಂ ಎಂದ ಚೀಫ್.

“ಸೆನ್ಸರಿನ ಕಿವಿ ತೆರೆದಿರೋ ಹೊತ್ತು. ಈಗ ಚಿಕ್ಕದು ಮಾಡಿಸಿದ್ರಲ್ಲ, ಅದು. ಅವತ್ತೂ ಮಾಡಿಸಿದ್ರಲ್ಲ, ಅದು.”

“ಅದು ಟೆಕ್ನಿಕಲ್ ವಿಷಯ. ನಿಮಗೆ ಅರ್ಥ ಆಗಲ್ಲ.”

“ಅರ್ಥ ಆಗದೇ ಇರೋಳಿಗೆ ಒಂದು ಅನುಮಾನ. ಕಿಡಿ ತಡ ಮಾಡಿದ್ರೆ ಇಂಜಿನ್ ಬಡಿತ ನಿಲ್ಲುತ್ತೆ. ಅವತ್ತು ತಡ ಮಾಡಿದ್ರಿ, ನಿಲ್ಲಲಿಲ್ಲ. ಇನ್ನೂ ತಡ ಮಾಡಿದ್ರಿ, ನಿಲ್ಲಲಿಲ್ಲ. ತಡ ಮಾಡಿದ್ರೂ ನಿಲ್ಲದ ಬಡಿತ ಇಂಜಿನ್ನಿಂದಾ?”

ಚೀಫ್ ತಡೆದು ತಡೆದು ಮಾತಾಡಿದ. ಗದ್ದಲ ನೂರು ಥರ ಇರುತ್ತೆ ಮೇಡಂ ಎಂದ. ಒಂದು ಬೋಲ್ಟು ಸಡಿಲಾದರೂ ಟಕಟಕ ಅನ್ನುತ್ತೆ. ಲಾರಿ ಮಾಲೀಕರು ಬೆನ್ನ ಹಿಂದೆ ನಿಂತಿದ್ದರು. ಒಬ್ಬನಂತೂ, ಇದೇನು ಇಂಜಿನ್ನೋ ಮರಕುಟಿಗನೋ ಅಂತ ನಕ್ಕ. ಅವರನ್ನು ಕರೆಸಲು ತಾನು ಎಷ್ಟು ಬಾಗಿಲು ಸುತ್ತಿದ್ದೆನೆಂದು ಅವಳಿಗೇನು ಗೊತ್ತು. ಅವತ್ತು ನಿಲ್ಲಿಸಿದ್ದರೆ ಈ ಇಂಜಿನ್ನು ಗುಜರಿಗೆ, ಇಲ್ಲಿ ದುಡಿಯುವವರೆಲ್ಲ ಬೀದಿಗೆ.

“ಕಂಪ್ಯೂಟರ್ ಪರದೆ ಸ್ವಚ್ಛ ಆದ ಮೇಲೆ ಆ ಮಾಲೀಕರು ಏನು ಮಾಡಿದ್ರು?”



“ಚಪ್ಪಾಳೆ ತಟ್ಟಿದ್ರು,” ಎಂದ ಚೀಫ್.

ಇಂಜಿನ್ ಗೊಣಗುತ್ತಲೇ ಇತ್ತು. ಅದರ ಮೇಲೆ ಹರಡಿಕೊಂಡಿದ್ದ ಇನ್ನೊಂದು ಸದ್ದು, ಫ್ಯಾನಿನ ಹೊಯ್ಯೆನ್ನುವ ಸದ್ದು, ನಿಧಾನಕ್ಕೆ ತೆಳ್ಳಗಾಗಿ ನಿಂತುಹೋಯಿತು.

ಅವಳು ತಲೆಯೆತ್ತಿದಳು. ಚಾವಣಿಯ ಜಾಲರಿಗೆ ಕಟ್ಟಿದ್ದ ರಿಬ್ಬನ್ನು ಜೋತುಬಿದ್ದಿತ್ತು.

“ಫ್ಯಾನ್ ನಿಂತಿದೆ.”

ಟ್ರಿಪ್ ಆಗಿರಬೇಕು, ಹಳೇ ಫ್ಯಾನು, ನೋಡ್ತೀನಿ ಎಂದ ಚೀಫ್. ಅವನ ದನಿಯಲ್ಲಿ ಅವಸರವಿರಲಿಲ್ಲ. ಬೆಕ್ಕಿಗೆ ಚೆಲ್ಲಾಟ ಎಂಬ ಗಾದೆಯ ಉಳಿದರ್ಧ ಅವಳ ಗಂಟಲಿಗೆ ಬಂದು ಕೂತಿತು. ಬಿಗಿದ ಕೊಳವೆಯನ್ನು ಮುಟ್ಟಿ ನೋಡಿದಳು. ಬಿಗಿದದ್ದು ಅವನ ಆಳುಗಳೇ. ಸೊಂಟದ ಮೀಟರು ಒಮ್ಮೆ ಕುಂಯ್ ಎಂದಿತು, ಬಿಟ್ಟು ಇನ್ನೊಮ್ಮೆ.

“ಬಾಗಿಲು ತೆಗೀರಿ.”

“ತೆಗೀತೀನಿ. ತೆಗೆಯದೆ ಇರ್ತೀನಾ? ಒಂದು ಮಾತು ಹೇಳಿಬಿಡಿ. ವರದೀಲಿ ಆ ಕಿಟಕಿ ವಿಷಯ ಬರುತ್ತಾ?”

ಕುಂಯ್. ಕುಂಯ್. ಅವಳು ಕೆಂಪು ಗುಂಡಿ ಒತ್ತಿದಳು, ತಂತಿಯಿಲ್ಲವೆಂದು ಗೊತ್ತಿದ್ದೂ ಒತ್ತಿದಳು. ಸಿಕ್ಕಿಬಿದ್ದವರ ಕೈ ಬುದ್ಧಿಯ ಮಾತು ಕೇಳುವುದಿಲ್ಲ. ಬರೆಯುವುದಿಲ್ಲ ಎಂದು ಒಂದು ಸುಳ್ಳು ಹೇಳಿದರೆ ಬಾಗಿಲು ತೆರೆಯುತ್ತಿತ್ತು. ಆ ಸುಳ್ಳು ನಾಲಿಗೆಯ ತುದಿಗೂ ಬಂತು. ಆದರೆ ಆಚೆ ಮೈದುನ ಕೇಳಿಸಿಕೊಳ್ಳುತ್ತಿದ್ದ. ಇವತ್ತು ಸಂಜೆ ಅವನ ಅಕ್ಕನೆದುರು ಕೂರಬೇಕಿತ್ತು.

“ಬರುತ್ತೆ,” ಎಂದಳು. “ನೀವಾಡಿದ ಮಾತಿನಲ್ಲೇ ಬರುತ್ತೆ.”

ಫೋನು ಸತ್ತಿತು.

ಹಾಗೆ ಎಷ್ಟು ಹೊತ್ತು ಕಳೆಯಿತೋ ಅವಳಿಗೆ ಆಮೇಲೂ ಹೇಳಲಾಗಲಿಲ್ಲ. ಹಣೆಯ ಬೆವರು ಕಣ್ಣಿಗಿಳಿಯಿತು. ನೆಲದ ಹತ್ತಿರ ಗಾಳಿ ಚೆನ್ನಾಗಿರಬಹುದೆಂದು ಮಂಡಿಯೂರಿದಳು. ಊರಿದ ಮೇಲೆ, ಕಿವಿಯಣ್ಣ ಸಿಕ್ಕಿದ್ದೂ ಇದೇ ಜಾಗದಲ್ಲಿ, ಇದೇ ಭಂಗಿಯಲ್ಲಿ ಎಂದು ನೆನಪಾಗಿ ಎದ್ದು ನಿಂತಳು.

ಗಕ್ಕನೆ ಇಂಜಿನ್ ನಿಂತಿತು. ಬೀಗ ಕಟಕ್ಕೆಂದಿತು. ಬಾಗಿಲು ತೆರೆದದ್ದು ಚೀಫ್ ಅಲ್ಲ, ಮೈದುನ. ಅವಳ ರಟ್ಟೆ ಹಿಡಿದು ಹೊರಗೆಳೆದ. ಹಿಂದೆ ಚೀಫ್ ಕುರ್ಚಿಯೊಂದನ್ನು ಹಿಡಿದು ನಿಂತಿದ್ದ. ಅವನ ಕನ್ನಡಕ ಕೆಳಗೆ ಬಿದ್ದಿತ್ತು, ಅಂಗಿಯ ಗುಂಡಿ ಕಿತ್ತುಹೋಗಿತ್ತು.

ತಾನೇ ನಿಲ್ಲಿಸಬೇಕೆಂದಿದ್ದೆ, ಈ ಮೈದುನ ಮೈಮೇಲೆ ಬಿದ್ದ ಎಂದು ಚೀಫ್ ಹೇಳಿದ. ಅವಳು ತಾನು ಕರೆತಂದು ಕಾರಿಡಾರಿನಲ್ಲಿ ನಿಲ್ಲಿಸಿದ್ದ ಪೊಲೀಸರನ್ನು ಕರೆದಳು. ಹೋಗುವಾಗ ಅವನು ಕನ್ನಡಕ ಒರೆಸಿಕೊಳ್ಳುತ್ತ, ಇಂಜಿನ್ನು ಮಾತ್ರ ಒಳ್ಳೇ ಇಂಜಿನ್ನು ಮೇಡಂ, ಅದಕ್ಕೇನೂ ಮಾಡಬೇಡಿ ಎಂದ.

ಮೈದುನ ಗೋಡೆಗೊರಗಿ ಕೂತಿದ್ದ. ಅವಳೂ ಪಕ್ಕದಲ್ಲಿ ಕುಸಿದಳು. ಇಬ್ಬರೂ ಒಂದೇ ಬಾಟಲಿಯ ನೀರು ಕುಡಿದರು.

“ಅವತ್ತು ಸ್ಪೀಕರಲ್ಲಿ ಕೇಳಿದಾಗ, ಇಂಜಿನ್ನೇ ಅಂದ್ಕೊಂಡ್ಯಾ?”

ಅವನು ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಇದ್ದ.

“ಇನ್ನೇನು ಅಂದ್ಕೊಳ್ಳಲಿ ಮೇಡಂ?”

ಅವಳು ಅವನ ಬೆನ್ನು ತಟ್ಟಿದಳು. ತನ್ನ ಕಿವಿಗೇ ಕೇಳುವಂತೆ ಆ ಕೈ ಇವತ್ತೂ ರೂಢಿಯಂತೆ ಕಿಡಿಯ ಗುಂಡಿಗೆ ಹೋಗಿತ್ತಲ್ಲ. ಹೇಳಿದ ಕೆಲಸ ಮಾಡಿದವನು ಇವನು; ಹೇಳಿದವನು ಬೇರೆ.

ಕಿಟಕಿ ಚಿಕ್ಕದು ಮಾಡಿದರೂ ಸೆನ್ಸರು ಕೇಳಿದ್ದು ಪೂರ್ತಿ ಕಂಪ್ಯೂಟರಿನಲ್ಲಿ ಉಳಿದಿರುತ್ತದೆಂದು ಅವನೇ ಹೇಳಿದ. ಅವತ್ತಿನ ಇಂಜಿನ್ ಓಟದ ದಾಖಲೆಯನ್ನು ಹುಡುಕಿ, ಕಿಟಕಿ ಪೂರ್ತಿ ತೆರೆದು ಇಟ್ಟು, ತನ್ನ ಕೈಲಿ ಕೇಳಲಿಕ್ಕೆ ಆಗೋದಿಲ್ಲ, ಮನೆಗೆ ಹೋಗ್ತೀನಿ ಎಂದು ಹೊರಟ. ಅವಳು ತಡೆಯಲಿಲ್ಲ.

ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ಕೇಳಿದಳು. ವಾಲ್ವ್, ಬೋಲ್ಟು, ಬೆಂಕಿ, ಸಮುದ್ರದಂಥ ಒಂದು ಮೊರೆತ. ಮೊರೆತದ ನಡುವೆ ಟಕ್. ಒಂದು ಉಸಿರಿನ ಬಿಡುವು. ಟಕ್‌ಟಕ್.

ಒಂದು, ಆಮೇಲೆ ಬೇಗ ಬೇಗ ಎರಡು. ಮತ್ತೆ ಅದೇ. ಮತ್ತೆ ಅದೇ. ಯಾವ ಇಂಜಿನ್ನೂ ಹೀಗೆ ಬಡಿಯುವುದಿಲ್ಲ. ಪಕ್ಕದ ಪರದೆಯಲ್ಲಿ ಕಿಟಕಿ ಚಿಕ್ಕದಾದ ಗಳಿಗೆಗೆ ಗುರುತಿತ್ತು. ಅದು ದಾಟಿದ ಮೇಲೂ ಬಡಿತ ನಡೆದೇ ಇತ್ತು. ನಿಧಾನವಾಯಿತು, ಮೆತ್ತಗಾಯಿತು, ಆದರೆ ಲೆಕ್ಕ ತಪ್ಪಲಿಲ್ಲ. ಕೊನೆಕೊನೆಗೆ ಒಂದು ಮಾತ್ರ ಕೇಳಿ, ಹಿಂದಿನಿಂದ ಬರಬೇಕಿದ್ದ ಎರಡು ಬರದೇ ಹೋದವು.

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು, ಯಾರೋ ಮಲಗಿರುವ ಕೋಣೆಯಲ್ಲಿ ಇಡುವ ಹಾಗೆ.

ಸಂಜೆಯ ಬಿಸಿಲು ಇನ್ನೂ ಇದ್ದಾಗಲೇ ಅವಳು ಆ ಮನೆಯ ಗಂಟೆ ಒತ್ತಿದಳು.

ಬಾಗಿಲು ತೆಗೆದದ್ದು ಕಿವಿಯಣ್ಣನ ಹೆಂಡತಿ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಟೈಲರಮ್ಮ ಅವಳು. ನಡುಮನೆ ತುಂಬ ನೀಲಿ ಲಂಗ, ಬಿಳಿ ಕಾಲರು. ಕಿಟಕಿಯ ಪಕ್ಕ ಹೊಲಿಗೆ ಮಿಷಿನ್ನು, ಅದರ ಮುಂದೆ ಬೆನ್ನಿಲ್ಲದ ಸ್ಟೂಲು. ತಮ್ಮ ಬಂದವನೇ ತಲೆನೋವೆಂದು ಒಂದು ಮಾತ್ರೆ ನುಂಗಿ ಒಳಗೆ ಮಲಗಿದ್ದಾನೆ, ಊಟವನ್ನೂ ಮಾಡಲಿಲ್ಲ ಎಂದು ಪಿಸುದನಿಯಲ್ಲಿ ಹೇಳಿ, ಬಟ್ಟೆ ಸರಿಸಿ ಕೂರಲು ಜಾಗ ಮಾಡಿದಳು. ತಾನೂ ಸ್ಟೂಲಿನ ಮೇಲೆ ಕೂತಳು. ಕೈ ಸುಮ್ಮನಿರಲಾರದೆ ಒಂದು ಕಾಲರು ಎತ್ತಿಕೊಂಡಿತು.

“ಹೇಳಮ್ಮ.”

“ಬಡಿದ್ರು ಅಕ್ಕ. ತುಂಬ ಹೊತ್ತು ಬಡಿದ್ರು. ಕೈ ಸೋಲೋವರೆಗೂ ಬಿಡಲಿಲ್ಲ.”

ಟೈಲರಮ್ಮ ಕಾಲರಿನ ನೂಲೊಂದನ್ನು ಹಲ್ಲಿನಿಂದ ಕಚ್ಚಿ ತೆಗೆದಳು. ಮುಖದಲ್ಲಿ ಏನೋ ಬಿಗಿದುಕೊಂಡಿದ್ದದ್ದು ಬಿಚ್ಚಿಕೊಂಡಿತು. ನಕ್ಕಳೋ ಅತ್ತಳೋ, ಎರಡಕ್ಕೂ ಒಂದೇ ಸದ್ದು ಬಂತು.

“ಹಾಗಾದ್ರೆ ಮನೆಗೆ ಬರಬೇಕು ಅಂತಿದ್ರು.”

“ಬರಬೇಕು ಅಂತಲೇ ಇದ್ರು.”

ಚೀಫ್ ಬಗ್ಗೆ, ಕಿಟಕಿಯ ಬಗ್ಗೆ, ಚಪ್ಪಾಳೆಯ ಬಗ್ಗೆ ಎಲ್ಲ ಹೇಳಿದಳು. ತಮ್ಮ ಹೇಗೆ ಮೈಮೇಲೆ ಬಿದ್ದು ಇಂಜಿನ್ ನಿಲ್ಲಿಸಿದ ಎಂದೂ ಹೇಳಿದಳು. ಅವನಿಗೆ ಏನೂ ಆಗಲ್ಲ ಅಲ್ವಾ ಎಂದು ಟೈಲರಮ್ಮ ಎರಡೆರಡು ಸಲ ಕೇಳಿದಳು. ಗಂಡನೂ ಹೋದ, ಇನ್ನು ಇವನೊಬ್ಬ. ಅವನು ಹೇಳಿದ್ದನ್ನು ಮಾಡಿದ, ಅದು ಇಂಜಿನ್ನೇ ಎಂದು ನಂಬಿದ್ದ, ಹಾಗೆಂದೇ ಬರೆಯುತ್ತೇನೆ ಎಂದು ತನಿಖೆ ಮೇಡಂ ಸಮಾಧಾನ ಹೇಳಿದಳು. ಟೈಲರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಜೀವ ಬಂತು ನೋಡು ಎಂದಳು.

ಎದ್ದು ಹೊರಡಬೇಕೆನ್ನುವಷ್ಟರಲ್ಲಿ ಕೈ ಹಿಡಿದು ಕೂರಿಸಿದಳು.

“ಹೇಗೆ ಬಡಿದ್ರು? ತೋರಿಸು.”

ಬೇಡ ಅಕ್ಕ, ಕೇಳಿ ಏನು ಮಾಡ್ತೀರಿ ಎಂದಳು ಇವಳು. ಟೈಲರಮ್ಮ ಕೇಳಲಿಲ್ಲ. ಕೊನೇ ಮಾತು ಅದೇ ತಾನೆ, ನಂಗೇ ಹೇಳಿದ್ದು ತಾನೆ ಎಂದು ಮಿಷಿನ್ನಿನ ಹಲಗೆಯ ಮೇಲಿದ್ದ ಬಟ್ಟೆಯನ್ನೆಲ್ಲ ಬಾಚಿ ಪಕ್ಕಕ್ಕಿಟ್ಟಳು.

ತನಿಖೆ ಮೇಡಂ ಬೆರಳು ಮಡಚಿ ಹಲಗೆಯ ಮೇಲೆ ಬಡಿದಳು. ಒಂದು. ಒಂದು ಉಸಿರಿನ ಬಿಡುವು. ಬೇಗ ಬೇಗ ಎರಡು.

ಟೈಲರಮ್ಮಳ ಮುಖದ ರಕ್ತ ಇಳಿಯಿತು.

ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು. ಕಾಲ ಸಪ್ಪಳ ಹತ್ತಿರ ಬಂತು. ನಿದ್ದೆಗಣ್ಣಿನ ಮೈದುನ, ಕೆದರಿದ ತಲೆ ಕೆರೆದುಕೊಳ್ಳುತ್ತ, ಇಬ್ಬರಲ್ಲಿ ಯಾರನ್ನೂ ನೋಡದೆ, ಮಿಷಿನ್ನಿನ ಪಕ್ಕದಿಂದ ದಾಟಿ ಸೀದಾ ಬೀದಿ ಬಾಗಿಲಿಗೆ ಹೋದ.

“ಬಂದೆ ಭಾವ,” ಎಂದು ಚಿಲಕ ತೆಗೆದ.

ಹೊರಗೆ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಹಿಂದೆ ಟೈಲರಮ್ಮ ಸಣ್ಣ ದನಿಯಲ್ಲಿ ಹೇಳಿದಳು. ಯಾರಿಗೆ ಹೇಳಿದಳೆಂದು ಅವಳಿಗೂ ಗೊತ್ತಿರಲಿಲ್ಲ.

“ನಾನು ಹೊಲೀತಾ ಕೂತಿರ್ತೀನಲ್ಲ. ದಿನಾ ಈ ಬಡಿತಕ್ಕೆ ಬಾಗಿಲು ತೆಗೀತಿದ್ದವನು ಇವನೇ.”

ಚಿಲಕದ ಮೇಲಿನ ಕೈ ಅಲ್ಲೇ ನಿಂತಿತು. ಮೈದುನ ಬಾಗಿಲು ಮುಚ್ಚಲಿಲ್ಲ, ಹೊರಗೆ ಹೋಗಲಿಲ್ಲ, ತಿರುಗಿ ನೋಡಲೂ ಇಲ್ಲ.